ಮಗುವಿನ ಆರೈಕೆ ಕೈ ಬದಲಾಗುವಾಗ

ಡಾಕ್ಟರು “ದಿನಕ್ಕೆ ಎರಡು ಸಲ, 3 ಮಿಲಿ” ಅನ್ನುತ್ತಾರೆ. ಅಮ್ಮ ಅದನ್ನು ಗಟ್ಟಿಮಾಡಿಕೊಂಡು ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಅಜ್ಜಿಗೆ ಹೇಳುತ್ತಾನೆ. ಒಂದೆರಡು ತಿಂಗಳಾದ ಮೇಲೆ ಔಷಧಿ ಅಂಗಡಿಯಲ್ಲಿ ಅದೇ ಔಷಧಿಯ ಬೇರೆ ಕಂಪನಿಯ ಬಾಟಲಿ ಸಿಗುತ್ತದೆ. ಹಳೆಯ ಬಾಟಲಿಯಲ್ಲಿ 5 ಮಿಲಿಗೆ 250 ಮಿಲಿಗ್ರಾಂ ಇತ್ತು, ಅಂದರೆ 3 ಮಿಲಿಗೆ 150. ಹೊಸದರಲ್ಲಿ ಒಂದೊಂದು ಮಿಲಿಗೆ 100 ಇದೆ, ಅಂದರೆ 3 ಮಿಲಿಗೆ 300. ಮನೆಯಲ್ಲಿ ಎಲ್ಲರೂ ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡುತ್ತಾರೆ, ಮಗುವಿಗೆ ಮಾತ್ರ ಎರಡರಷ್ಟು ಔಷಧಿ ಹೋಗುತ್ತದೆ.

ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇರುವ ಮಕ್ಕಳನ್ನು ಸಾಕುವ ಮನೆಗಳಲ್ಲಿ ಅವಘಡಗಳು ಆಗುವುದು ಹೆಚ್ಚಾಗಿ ಹೀಗೆ. ಪ್ರೀತಿಗೆ ಅಲ್ಲಿ ಕೊರತೆ ಇಲ್ಲ, ಜಾಣತನಕ್ಕೂ ಇಲ್ಲ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗದಲ್ಲಿ ಏನೋ ಒಂದು ಸೋರಿಹೋಗುತ್ತದೆ. ಆಸ್ಪತ್ರೆಯಿಂದ ಮನೆಗೆ, ಹಗಲಿನವರಿಂದ ರಾತ್ರಿಯವರಿಗೆ, ಮನೆಯಿಂದ ಶಾಲೆಗೆ, ಮಕ್ಕಳ ಡಾಕ್ಟರಿಂದ ದೊಡ್ಡವರ ಡಾಕ್ಟರಿಗೆ. ಈ ಬರಹ ಪೂರ್ತಿ ಆ ಕೀಲುಗಳ ಬಗ್ಗೆಯೇ.

ಯಾವ ಮಕ್ಕಳು ಅಂತ ಕೇಳಿದರೆ, ರೋಗದ ಹೆಸರಿನಿಂದ ಹೇಳುವುದು ಕಷ್ಟ. 1998ರಲ್ಲಿ ಅಮೆರಿಕದಲ್ಲಿ ರೂಪಿಸಿದ ವ್ಯಾಖ್ಯೆ ರೋಗದ ಹೆಸರನ್ನೇ ಬದಿಗಿಟ್ಟಿತು. ದೇಹದ, ಬೆಳವಣಿಗೆಯ, ವರ್ತನೆಯ ಅಥವಾ ಮನಸ್ಸಿನ ದೀರ್ಘಕಾಲದ ತೊಂದರೆ ಇರುವ, ಇಲ್ಲವೇ ಅದರ ಅಪಾಯ ಹೆಚ್ಚಿರುವ, ಆ ಕಾರಣಕ್ಕೆ ಇತರ ಮಕ್ಕಳಿಗಿಂತ ಹೆಚ್ಚು ಅಥವಾ ಬೇರೆ ಬಗೆಯ ಆರೋಗ್ಯ ಸೇವೆ ಬೇಕಾಗುವ ಮಕ್ಕಳು ಅಂತ ಅದು ಹೇಳುತ್ತದೆ. ಅಸ್ತಮಾ ಇರುವ ಮಗುವೂ ಇದರಲ್ಲಿ ಬರುತ್ತದೆ, ವೆಂಟಿಲೇಟರ್ ಮೇಲಿರುವ ಮಗುವೂ ಬರುತ್ತದೆ. ನನಗೆ ಇದು ಹಿಡಿಸುತ್ತದೆ. ರೋಗ ಯಾವುದೇ ಇರಲಿ, ಮನೆಯವರ ಕೆಲಸದ ಸ್ವರೂಪ ಒಂದೇ ಥರ ಇರುತ್ತದೆ.

ಔಷಧಿಯನ್ನು ಮಿಲಿಗ್ರಾಂನಲ್ಲಿ ನೆನಪಿಡಿ

ಮೊದಲ ಉದಾಹರಣೆಯ ತಪ್ಪಿಗೆ ಪರಿಹಾರ ಸರಳ. ಬರೆಯುವಾಗಲೂ ಹೇಳುವಾಗಲೂ ಮೂರು ಸಂಖ್ಯೆ ಒಟ್ಟಿಗೆ ಇರಬೇಕು: ಎಷ್ಟು ಮಿಲಿಗ್ರಾಂ, ಬಾಟಲಿಯ ಸಾಂದ್ರತೆ ಎಷ್ಟು, ಹಾಗಾಗಿ ಎಷ್ಟು ಮಿಲಿ. “150 ಮಿಲಿಗ್ರಾಂ, ಬಾಟಲಿ 5 ಮಿಲಿಗೆ 250, ಆದ್ದರಿಂದ 3 ಮಿಲಿ.” ಹೊಸ ಬಾಟಲಿ ತೆರೆದ ದಿನ, ಮೊದಲ ಡೋಸ್ ಎಳೆಯುವ ಮುಂಚೆ, ನಡುವಿನ ಸಂಖ್ಯೆಯನ್ನು ಲೇಬಲ್ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಅಂಗಡಿಗೋ ಡಾಕ್ಟರಿಗೋ ಫೋನ್ ಮಾಡಿ ಕೇಳಿ. ಮನೆಯಲ್ಲೇ ಲೆಕ್ಕ ಹಾಕಿ ಮುಂದುವರಿಯುವ ಚಾಳಿ ಬೇಡ. ನಿಮ್ಮ ಲೆಕ್ಕ ಸರಿಯೇ ಇರಬಹುದು, ಆದರೂ ಎರಡನೆಯ ಕಣ್ಣು ಬೇಕು.

ಬರವಣಿಗೆಯಲ್ಲೂ ಒಂದು ಶಿಸ್ತು ಇದೆ. ಅರ್ಧ ಮಿಲಿಯನ್ನು 0.5 ಅಂತಲೇ ಬರೆಯಬೇಕು. ಚುಕ್ಕಿಗೆ ಮೊದಲಿನ ಸೊನ್ನೆ ಬಿಟ್ಟರೆ ಚುಕ್ಕಿ ಕಣ್ಣಿಗೆ ಬೀಳದೆ ಅದು 5 ಆಗುತ್ತದೆ. ಐದನ್ನು 5.0 ಅಂತ ಬರೆಯಬಾರದು, ಅದು 50 ಆಗುತ್ತದೆ. ಎರಡೂ ಹತ್ತು ಪಟ್ಟು ತಪ್ಪುಗಳು.

ಅಡಿಗೆಮನೆಯ ಚಮಚ ಅಳತೆಯಲ್ಲ. ಒಂದೊಂದು ಚಮಚ ಒಂದೊಂದು ಗಾತ್ರ, ಜೊತೆಗೆ ತುಂಬಿಸುವ ಕೈಯೂ ಬೇರೆಬೇರೆ. ಸೂಜಿಯಿಲ್ಲದ, ಬಾಯಿಗೆಂದೇ ಮಾಡಿದ ಸಿರಿಂಜ್ ಬಳಸಿ, ಡೋಸ್‌ಗೆ ಹತ್ತಿರದ ಗಾತ್ರದ್ದನ್ನು ಆರಿಸಿ. 0.8 ಮಿಲಿ ಕೊಡಲು 10 ಮಿಲಿ ಸಿರಿಂಜ್ ಹಿಡಿದರೆ ಒಂದು ಗೆರೆ ಆಚೀಚೆಯಾದರೂ ದೊಡ್ಡ ವ್ಯತ್ಯಾಸ. 1 ಮಿಲಿಯದ್ದೇ ಬೇಕು. ಗಾಳಿಗುಳ್ಳೆ ಇದ್ದರೆ ಅಷ್ಟು ಔಷಧಿ ಕಡಿಮೆ ಅಂತಲೇ ಲೆಕ್ಕ, ಹೊರಗೆ ತಳ್ಳಿ ಮತ್ತೆ ಎಳೆದುಕೊಳ್ಳಿ.

ಸಸ್ಪೆನ್ಷನ್ ಬಗೆಯ ಸಿರಪ್‌ಗಳಲ್ಲಿ ಔಷಧಿಯ ಪುಡಿ ತಳಕ್ಕೆ ಇಳಿಯುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಬಾಟಲಿ ಕುಲುಕದೆ ಕೊಟ್ಟರೆ ಮೊದಲರ್ಧದಲ್ಲಿ ತೆಳ್ಳಗಿನ ಔಷಧಿ ಹೋಗಿ ಫಿಟ್ಸ್ ಮರುಕಳಿಸುತ್ತದೆ. ಕೊನೆಯ ಭಾಗದಲ್ಲಿ ಗಟ್ಟಿ ಔಷಧಿ ಹೋಗಿ ಮಗು ತೂರಾಡುತ್ತದೆ, ಮಂಪರಾಗುತ್ತದೆ. ಆಗ “ಔಷಧಿ ಮೊದಲು ಕಡಿಮೆಯಾಯಿತು, ಆಮೇಲೆ ಜಾಸ್ತಿಯಾಯಿತು” ಅಂತ ಡೋಸ್ ಬದಲಿಸುವ ಮಾತು ಬರುತ್ತದೆ. ನಿಜದಲ್ಲಿ ಬದಲಾಗಬೇಕಿದ್ದದ್ದು ಕುಲುಕುವ ಅಭ್ಯಾಸ.

ಮಾತ್ರೆ ಪುಡಿಮಾಡುವ ಮುಂಚೆ ಪ್ರತಿಯೊಂದನ್ನೂ ಕೇಳಿಯೇ ಪುಡಿಮಾಡಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಂದೇ ಏಟಿಗೆ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯ ಆಮ್ಲದಿಂದ ಕಾಪಾಡಲು ಲೇಪ ಹಚ್ಚಿದ ಮಾತ್ರೆಯನ್ನು ಕುಟ್ಟಿದರೆ ಅದು ಕೆಲಸಕ್ಕೆ ಬರುವ ಮುಂಚೆಯೇ ಹಾಳಾಗುತ್ತದೆ.

ಇನ್ನೊಂದು ಮೌನವಾದ ತಪ್ಪು, ಮಗು ಬೆಳೆದದ್ದನ್ನು ಮರೆಯುವುದು. ಮಕ್ಕಳ ಡೋಸ್ ತೂಕದ ಮೇಲೆ ನಿಂತಿರುತ್ತದೆ. 12 ಕಿಲೋ ಇದ್ದಾಗ 300 ಮಿಲಿಗ್ರಾಂ ಅಂದರೆ ಕಿಲೋಗೆ 25. ಅದೇ ಮಗು 16 ಕಿಲೋ ಆದಾಗ ಅದೇ 300 ಕೊಡುತ್ತಿದ್ದರೆ ಕಿಲೋಗೆ 19 ಕೂಡ ಬರುವುದಿಲ್ಲ. ಯಾರೂ ಡೋಸ್ ಇಳಿಸಲಿಲ್ಲ, ಆದರೂ ಕಾಲು ಭಾಗ ಇಳಿದಿದೆ. ಹಾಗಾಗಿ ಔಷಧಿ ಪಟ್ಟಿಯ ಮೇಲೆ ತೂಕವನ್ನೂ ತೂಗಿದ ದಿನಾಂಕವನ್ನೂ ಬರೆದಿಡಿ. ಹಳೆಯ ತೂಕ ಕಂಡ ಡಾಕ್ಟರು ತಾವಾಗಿಯೇ ಲೆಕ್ಕ ತೆಗೆಯುತ್ತಾರೆ.

ಡೋಸ್ ತಪ್ಪಿಹೋದರೆ ಏನು ಮಾಡಬೇಕು, ಕೊಟ್ಟ ಹತ್ತು ನಿಮಿಷಕ್ಕೆ ವಾಂತಿಯಾದರೆ ಮತ್ತೆ ಕೊಡಬೇಕೇ, ಒಂದು ಗಂಟೆಯ ಮೇಲೆ ಆದರೆ? ಉತ್ತರ ಒಂದೊಂದು ಔಷಧಿಗೆ ಒಂದೊಂದು. ಔಷಧಿ ಬರೆಸಿಕೊಂಡ ದಿನವೇ ಈ ಮೂರನ್ನೂ ಕೇಳಿ ಪಟ್ಟಿಯಲ್ಲೇ ಬರೆದುಕೊಂಡರೆ ರಾತ್ರಿ ಎರಡು ಗಂಟೆಗೆ ಊಹೆ ಮಾಡುವ ಗತಿ ಬರುವುದಿಲ್ಲ. ತಪ್ಪಿದ್ದನ್ನು ಸೇರಿಸಿ ಎರಡು ಡೋಸ್ ಒಟ್ಟಿಗೆ ಕೊಡುವುದು ಮಾತ್ರ ಬೇಡ. ಹೈಡ್ರೋಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಮೇಲೆ ಬದುಕುವ ಮಕ್ಕಳಿಗೆ ಡೋಸ್ ತಪ್ಪುವುದೇ ಅಪಾಯ. ಜ್ವರ, ವಾಂತಿ ಬಂದಾಗ ಅವರಿಗೆ ಡೋಸ್ ಏರಿಸಬೇಕಾಗುತ್ತದೆ. ಎಷ್ಟು ಏರಿಸಬೇಕು, ಬಾಯಲ್ಲಿ ನಿಲ್ಲದಿದ್ದರೆ ಯಾವಾಗ ಇಂಜೆಕ್ಷನ್ ಅನ್ನುವುದು ಬರಹದಲ್ಲಿ ಮನೆಯಲ್ಲಿರಲೇಬೇಕು.

ಗುರುತು ಹಾಕುವ ಪಟ್ಟಿಯಲ್ಲಿ ಒಂದೇ ನಿಯಮ: ಔಷಧಿ ಹೊಟ್ಟೆಗೆ ಹೋದ ಮೇಲೆ ಗುರುತು. ಸಿರಿಂಜ್ ತುಂಬಿಸಿದಾಗ ಗುರುತು ಹಾಕಿದರೆ, ಅಷ್ಟರಲ್ಲಿ ಬಾಗಿಲು ಬಡಿದು ಎದ್ದುಹೋದರೆ, ಪಟ್ಟಿ ಸುಳ್ಳು ಹೇಳುತ್ತದೆ. ಗುರುತು ಇಲ್ಲದ, ಯಾರನ್ನು ಕೇಳಿದರೂ ನೆನಪಿಲ್ಲದ ಡೋಸ್ ಬಗ್ಗೆ ಫೋನ್ ಮಾಡಿ ಕೇಳುವುದೇ ದಾರಿ.

ಒಂದೇ ಒಂದು ಹಾಳೆ

“ಮೆಡಿಕಲ್ ಹೋಮ್” ಅನ್ನುವ ಮಾತನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1967ರಲ್ಲಿ ಮೊದಲು ಬಳಸಿದಾಗ ಅದರ ಅರ್ಥ ಬಹಳ ಸಾದಾ ಇತ್ತು: ದೀರ್ಘಕಾಲದ ಕಾಯಿಲೆ ಇರುವ ಮಗುವಿನ ದಾಖಲೆಗಳೆಲ್ಲ ಒಂದು ಕಡೆ ಇರಬೇಕು. ಆಮೇಲೆ ಆ ಪದದ ಅರ್ಥ ಬಹಳ ಹಿಗ್ಗಿತು, ಆದರೆ ಮೂಲದ ಸಮಸ್ಯೆ ಹಾಗೇ ಉಳಿದಿದೆ. ನರರೋಗದ ಡಾಕ್ಟರ ಹತ್ತಿರ ಒಂದು ಫೈಲು, ಮೂಳೆ ಡಾಕ್ಟರ ಹತ್ತಿರ ಇನ್ನೊಂದು, ಥೆರಪಿಯವರ ಹತ್ತಿರ ಮತ್ತೊಂದು. ಎಲ್ಲವನ್ನೂ ಬಲ್ಲ ಏಕೈಕ ವ್ಯಕ್ತಿ ಅಂದರೆ ಅಮ್ಮ, ಅವಳಿಗೆ ಆ ಹೊತ್ತಿಗೆ ಮೂರು ರಾತ್ರಿಯ ನಿದ್ದೆ ಬಾಕಿ.

ದಪ್ಪ ಫೈಲು ಇರಲಿ, ಆದರೆ ತುರ್ತಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ಬೇಕಾದದ್ದು ಎರಡು ಬದಿಯ ಒಂದು ಹಾಳೆ. ಮೊದಲ ಸಾಲಿನಲ್ಲಿ ಹೆಸರು, ಹುಟ್ಟಿದ ದಿನಾಂಕ, ತೂಕ, ಅಲರ್ಜಿ. ನಂತರ ರೋಗನಿರ್ಣಯ, ಮೈಯಲ್ಲಿರುವ ಸಾಧನಗಳು, ಅವುಗಳ ಗಾತ್ರ, ಔಷಧಿಗಳು. ಅದಾದ ಮೇಲೆ ಬಹುತೇಕರು ಬಿಟ್ಟುಬಿಡುವ ಭಾಗ: ಈ ಮಗುವಿನ ಮಾಮೂಲು ಸ್ಥಿತಿ. ಮಾಮೂಲಾಗಿ ಆಮ್ಲಜನಕದ ಮಟ್ಟ ಎಷ್ಟಿರುತ್ತದೆ, ಹೃದಯದ ಬಡಿತ ಎಷ್ಟು, ಕಣ್ಣು ಕೊಟ್ಟು ನೋಡುತ್ತದೆಯೇ, ನೋವಾದಾಗ ಹೇಗೆ ತೋರಿಸುತ್ತದೆ. ಹುಟ್ಟಿನಿಂದ ಕೆಲವು ಬಗೆಯ ಹೃದಯದ ತೊಂದರೆ ಇರುವ ಮಗುವಿಗೆ 80ರ ಆಸುಪಾಸಿನ ಆಮ್ಲಜನಕದ ಮಟ್ಟ ದಿನನಿತ್ಯದ್ದಾಗಿರಬಹುದು, ಗೊತ್ತಿಲ್ಲದವರು ಗಾಬರಿಯಾಗುತ್ತಾರೆ. ಮಾತಿಲ್ಲದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಗೊತ್ತಿಲ್ಲದವರು “ಶಾಂತವಾಗಿದೆ” ಅಂದುಕೊಳ್ಳುತ್ತಾರೆ. ಎರಡನೆಯದು ಹೆಚ್ಚು ಅಪಾಯ.

ಕೊನೆಗೆ “ಮಾಡಬೇಡಿ” ಅನ್ನುವ ಸಾಲುಗಳು. ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿರದ ತೊಂದರೆ) ಇರುವ ಮಕ್ಕಳಿಗೆ ಲೇಟೆಕ್ಸ್ ರಬ್ಬರ್ ಅಲರ್ಜಿಯ ಸಾಧ್ಯತೆ ಹೆಚ್ಚು, ಹಾಗಾಗಿ ಲೇಟೆಕ್ಸ್ ಕೈಗವಸು ಬೇಡ ಅಂತ ದಪ್ಪ ಅಕ್ಷರದಲ್ಲಿ ಇರಬೇಕು. ತಲೆಯಲ್ಲಿ ಷಂಟ್, ಅಂದರೆ ಮೆದುಳಿನ ಹೆಚ್ಚುವರಿ ನೀರನ್ನು ಹರಿಸುವ ಕೊಳವೆ, ಇರುವ ಮಗುವಿಗೆ ವಾಂತಿ, ತಲೆನೋವು, ಮಂಪರು ಒಟ್ಟಿಗೆ ಬಂದರೆ ಹೊಟ್ಟೆ ಕೆಟ್ಟಿದೆ ಅಂತ ಮನೆಗೆ ಕಳಿಸಬೇಡಿ, ಷಂಟ್ ಕಟ್ಟಿದೆಯೇ ನೋಡಿ ಅಂತ ಬರೆಯಬೇಕು. ಆಹಾರವನ್ನು ದೇಹ ಸರಿಯಾಗಿ ಬಳಸಿಕೊಳ್ಳಲಾಗದ, ಉಪವಾಸ ತಡೆಯದ ಮೆಟಬಾಲಿಕ್ ಕಾಯಿಲೆ ಇದ್ದರೆ ಅದರ ತಜ್ಞರೇ ಸಹಿ ಹಾಕಿದ ತುರ್ತು ಪತ್ರವನ್ನು ಇದಕ್ಕೆ ಪಿನ್ ಮಾಡಿ. ಮನೆಯವರ ಬಾಯಿಮಾತಿಗಿಂತ ಆ ಸಹಿಗೆ ಬಾಗಿಲು ಬೇಗ ತೆರೆಯುತ್ತದೆ. ಬೇಸರದ ಸಂಗತಿ, ಆದರೆ ಹಾಗೇ ಇದೆ.

ಹಾಳೆಯ ಮೂಲೆಯಲ್ಲಿ ತಿದ್ದಿದ ದಿನಾಂಕ ಇರಲಿ. ದಿನಾಂಕವಿಲ್ಲದ ಹಾಳೆಯನ್ನು ಯಾವ ಡಾಕ್ಟರೂ ನಂಬುವುದಿಲ್ಲ, ನಂಬಲೂ ಬಾರದು. ಒಂದು ಪ್ರತಿ ಬ್ಯಾಗಿನಲ್ಲಿ, ಒಂದು ಶಾಲೆಯಲ್ಲಿ, ಒಂದು ಫೋಟೋ ಮನೆಯ ಎಲ್ಲರ ಫೋನಿನಲ್ಲಿ. ಔಷಧಿ ಬದಲಾದ ದಿನ ಹಳೆಯ ಪ್ರತಿಗಳನ್ನು ಹರಿದುಹಾಕುವುದು ಹೊಸದನ್ನು ಬರೆಯುವಷ್ಟೇ ಮುಖ್ಯ.

ಫಿಟ್ಸ್: ಗಡಿಯಾರ ನೋಡುವವರು ಯಾರು

ಫಿಟ್ಸ್ ಬಂದಾಗ ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಮಗುವನ್ನೇ ನೋಡುತ್ತಾರೆ. ಒಬ್ಬರು ಗಡಿಯಾರ ನೋಡಬೇಕು. ಇಡೀ ಮೈ ಸೆಟೆದು ಅದುರುವ ಫಿಟ್ಸ್ 5 ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಾಧ್ಯತೆ ಕುಗ್ಗುತ್ತದೆ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘಟನೆಯ 2015ರ ವ್ಯಾಖ್ಯೆ ಇದೇ ಲೆಕ್ಕದ ಮೇಲಿದೆ: 5 ನಿಮಿಷಕ್ಕೆ ಚಿಕಿತ್ಸೆ ಶುರು, 30 ನಿಮಿಷ ದಾಟಿದರೆ ಮೆದುಳಿಗೆ ದೀರ್ಘಕಾಲದ ಹಾನಿಯ ಅಪಾಯ. ಗಾಬರಿಯಲ್ಲಿ ಒಂದು ನಿಮಿಷ ಹತ್ತರಂತೆ ಅನಿಸುತ್ತದೆ, ಹಾಗಾಗಿ ಅಂದಾಜು ನಂಬಬಾರದು.

ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಕತ್ತಿನ ಬಳಿ ಬಿಗಿ ಇದ್ದರೆ ಸಡಿಲಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಚಮಚ, ಬೆರಳು, ನೀರು ಯಾವುದೂ ಬೇಡ. ನಾಲಿಗೆ ನುಂಗುವುದು ಅನ್ನುವುದು ಸುಳ್ಳು, ಹಲ್ಲು ಮುರಿದು ಉಸಿರುನಾಳಕ್ಕೆ ಹೋಗುವುದು ನಿಜ. ಕೈಕಾಲು ಅದುಮಿ ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ.

ತುರ್ತಿನ ಔಷಧಿ ಬರೆದುಕೊಟ್ಟಿದ್ದರೆ, ಅಂದರೆ ಮೂಗಿಗೆ ಅಥವಾ ಕೆನ್ನೆಯೊಳಗೆ ಹಾಕುವ ಮಿಡಾಜೊಲಾಮ್ ಅಥವಾ ಗುದದ್ವಾರಕ್ಕೆ ಹಾಕುವ ಡಯಾಜೆಪಾಮ್, ಎಷ್ಟನೆಯ ನಿಮಿಷಕ್ಕೆ, ಎಷ್ಟು, ಎರಡನೆಯ ಸಲ ಕೊಡಬಹುದೇ, ಯಾವಾಗ ಆಂಬುಲೆನ್ಸ್ ಅನ್ನುವ ನಾಲ್ಕೂ ಹಾಳೆಯಲ್ಲಿರಬೇಕು. ಕೆನ್ನೆಯೊಳಗೆ ಹಾಕುವುದೆಂದರೆ ಹಲ್ಲುಗಳ ನಡುವೆ ಅಲ್ಲ, ಕೆಳವಸಡು ಮತ್ತು ಕೆನ್ನೆಯ ನಡುವಿನ ಸಂದಿಗೆ, ನಿಧಾನವಾಗಿ. ಗಂಟಲಿಗೆ ಹರಿದರೆ ಕೆಲಸ ತಡವಾಗುತ್ತದೆ, ಉಸಿರಿಗೂ ತೊಂದರೆ. ಕೊಟ್ಟ ಮೇಲೆ ಉಸಿರಾಟ ನೋಡುತ್ತಿರಬೇಕು, ಈ ಔಷಧಿಗಳು ಅದನ್ನು ನಿಧಾನ ಮಾಡಬಲ್ಲವು. ಪೆಟ್ಟಿಗೆಯ ಮೇಲಿನ ಮುಕ್ತಾಯ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿಬಿಡಿ. ವರ್ಷಗಟ್ಟಲೆ ಬೇಕಾಗದ ಔಷಧಿ ಬೇಕಾದ ದಿನವೇ ಅವಧಿ ಮುಗಿದಿರುತ್ತದೆ.

ಕೈ ಖಾಲಿ ಇರುವವರು ವಿಡಿಯೋ ಮಾಡಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ. “ಕೈಕಾಲು ಒದರಿತು” ಅನ್ನುವ ವಿವರಣೆಗಿಂತ 40 ಸೆಕೆಂಡಿನ ವಿಡಿಯೋ ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಕಣ್ಣು, ತಲೆ ಯಾವ ಕಡೆ ತಿರುಗಿದವು, ಮೊದಲು ಯಾವ ಕೈ ಶುರುವಾಯಿತು ಅನ್ನುವುದು ಕಾಣುವಂತೆ ಮುಖವೂ ಮೈಯೂ ಚೌಕಟ್ಟಿನಲ್ಲಿರಲಿ.

ಹೊಟ್ಟೆಯ ಟ್ಯೂಬ್

ಆಸ್ಪತ್ರೆಯಿಂದ ಬಿಡುಗಡೆಯ ದಿನ ಅರ್ಧ ಗಂಟೆಯಲ್ಲಿ ಕಲಿಸಿ ಕಳಿಸುವ, ಮನೆಯಲ್ಲಿ ದಿನಕ್ಕೆ ಐದಾರು ಸಲ ಮಾಡಬೇಕಾದ ಕೆಲಸ ಇದು: ಬಾಯಲ್ಲಿ ಸಾಕಷ್ಟು ಉಣ್ಣಲಾಗದ ಮಗುವಿಗೆ ಟ್ಯೂಬ್ ಮೂಲಕ ಊಟ ಕೊಡುವುದು. ಬಿಡುಗಡೆಯ ಮುಂಚೆ ಮನೆಯ ಇಬ್ಬರಾದರೂ, ನರ್ಸ್ ನೋಡುತ್ತಿರುವಾಗ, ಪೂರ್ತಿ ಒಂದು ಊಟವನ್ನು ಸ್ವತಃ ಕೊಟ್ಟಿರಬೇಕು. ನೋಡಿ ಕಲಿತದ್ದು ಕೈಗೆ ಬಂದಿರುವುದಿಲ್ಲ.

ಹೊಟ್ಟೆಯ ಮೇಲಿನ ರಂಧ್ರದ ಟ್ಯೂಬ್‌ಗಳಲ್ಲಿ ಹಲವು ಒಳಗೆ ಪುಟ್ಟ ಬಲೂನಿನಿಂದ ನಿಲ್ಲುತ್ತವೆ. ಬಲೂನಿಗೆ ತುಂಬುವುದು ಶುದ್ಧೀಕರಿಸಿದ ನೀರು. ಗಾಳಿ ತುಂಬಿದರೆ ಸೋರಿಹೋಗುತ್ತದೆ, ಸಲೈನ್ ತುಂಬಿದರೆ ಉಪ್ಪು ಹರಳುಗಟ್ಟಿ ಕವಾಟ ಕೆಡುತ್ತದೆ. ನೀರಿನ ಪ್ರಮಾಣ ಟ್ಯೂಬ್ ಮೇಲೋ ಅದರ ಕಾಗದದಲ್ಲೋ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಟ್ಯೂಬ್ ಅನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ನೀರನ್ನು ಪೂರ್ತಿ ಎಳೆದು ಅಳೆದು ಮತ್ತೆ ತುಂಬಬೇಕು. 5 ಮಿಲಿ ಹಾಕಿದ್ದು 4.5 ಬಂದರೆ ಚಿಂತೆಯಿಲ್ಲ. 2 ಬಂದರೆ ಬಲೂನ್ ಒಡೆಯುವ ಹಾದಿಯಲ್ಲಿದೆ. ಹೊಸದಾಗಿ ಹಾಕಿದ ಟ್ಯೂಬ್‌ಗೆ ಈ ಪರೀಕ್ಷೆ ಯಾವಾಗಿನಿಂದ ಅಂತ ಕೇಳಿಯೇ ಶುರುಮಾಡಿ.

ಟ್ಯೂಬ್ ಕಿತ್ತುಬಂದರೆ? ರಂಧ್ರ ಹಳೆಯದೇ ಹೊಸದೇ ಅನ್ನುವುದೇ ಮೊದಲ ಪ್ರಶ್ನೆ. ಶಸ್ತ್ರಚಿಕಿತ್ಸೆಯಾಗಿ ಇನ್ನೂ ಕೆಲವೇ ವಾರಗಳಾಗಿದ್ದರೆ ಮನೆಯಲ್ಲಿ ಏನನ್ನೂ ತೂರಿಸಬಾರದು. ದಾರಿ ಗಟ್ಟಿಯಾಗಿರದೆ ಟ್ಯೂಬ್ ಹೊಟ್ಟೆಯ ಚೀಲ ತಪ್ಪಿಸಿ ಹೊರಗಿನ ಪೊಳ್ಳಿಗೆ ಹೋದರೆ, ಅಲ್ಲಿಗೆ ಹಾಲು ಬಿದ್ದರೆ, ಜೀವಕ್ಕೇ ಸಂಚಕಾರ. ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ. ರಂಧ್ರ ಪಕ್ವವಾಗಿದ್ದು, ನಿಮಗೆ ಕಲಿಸಿದ್ದರೆ, ಇಟ್ಟುಕೊಂಡ ಇನ್ನೊಂದು ಟ್ಯೂಬ್ ಹಾಕಿ. ತಡಮಾಡಬೇಡಿ, ಪಕ್ವವಾದ ರಂಧ್ರ ಕೂಡ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ. ಅದೇ ಗಾತ್ರ ಹೋಗದಿದ್ದರೆ ಒಂದು ಸುತ್ತು ಚಿಕ್ಕದು ದಾರಿಯನ್ನು ತೆರೆದಿಡುತ್ತದೆ; ಹಾಗಾಗಿ ಬ್ಯಾಗಿನಲ್ಲಿ ಎರಡೂ ಇರಬೇಕು. ಹಾಕಿದ್ದು ಸರಿಯಾದ ಜಾಗದಲ್ಲಿದೆ ಅಂತ ನಿಮಗೆ ಕಲಿಸಿದ ರೀತಿಯಲ್ಲಿ ಖಚಿತವಾಗುವವರೆಗೆ ಏನನ್ನೂ ಕೊಡಬೇಡಿ. ಬಲವಂತ ಮಾಡಬೇಕಾಗಿ ಬಂದರೆ ನಿಲ್ಲಿಸಿ.

ಟ್ಯೂಬ್ ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಔಷಧಿ. ಪ್ರತಿ ಔಷಧಿಯನ್ನೂ ಬೇರೆಬೇರೆಯಾಗಿ ಕೊಟ್ಟು, ನಡುವೆ ನೀರು ಹಾಯಿಸಬೇಕು. ಎರಡನ್ನು ಒಂದೇ ಸಿರಿಂಜ್‌ನಲ್ಲಿ ಬೆರೆಸಿದರೆ, ಔಷಧಿಯನ್ನು ಹಾಲಿನಲ್ಲಿ ಬೆರೆಸಿದರೆ, ಮೊಸರಿನಂತೆ ಗಟ್ಟಿಯಾಗುವುದುಂಟು. ನೀರು ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಚಿಕ್ಕ ಮಗುವಿಗೆ ಒಂದೊಂದು ಸಲಕ್ಕೆ 5 ಮಿಲಿ ಅಂದರೂ ಹತ್ತು ಸಲಕ್ಕೆ 50 ಆಗುತ್ತದೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವ ಮಗುವಿನ ದಿನದ ಲೆಕ್ಕಕ್ಕೆ ಅದೂ ಸೇರಬೇಕು. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರನ್ನು ದೊಡ್ಡ ಸಿರಿಂಜ್‌ನಲ್ಲಿ ಮೆಲ್ಲಗೆ ಒಳಗೆ ಹೊರಗೆ ಆಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ಚಿಕ್ಕ ಸಿರಿಂಜ್‌ನಲ್ಲಿ ಒತ್ತಡ ಹೆಚ್ಚು, ಟ್ಯೂಬ್ ಬಿರಿಯಬಹುದು. ತಂತಿ ತೂರಿಸುವ ಸಾಹಸ ಬೇಡವೇ ಬೇಡ. ಸಿಹಿ ಪಾನೀಯ ಸುರಿಯುವ ಸಲಹೆಯನ್ನೂ ಕಿವಿಗೆ ಹಾಕಿಕೊಳ್ಳಬೇಡಿ, ಅದರ ಆಮ್ಲ ಹಾಲಿನ ಅಂಶವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಫೆನಿಟಾಯಿನ್ ಇಲ್ಲೂ ತಂಟೆಯದು: ಟ್ಯೂಬ್ ಆಹಾರದ ಜೊತೆ ಹೋದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಹಾರಕ್ಕೂ ಅದಕ್ಕೂ ಎಷ್ಟು ಅಂತರ ಬೇಕು ಅಂತ ಕೇಳಿಟ್ಟುಕೊಳ್ಳಿ.

ಕೊಡುವಾಗ ಮಗುವಿನ ತಲೆ, ಎದೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ. ತಲೆದಿಂಬು ಮಾತ್ರ ಏರಿಸಿದರೆ ಕತ್ತು ಮಡಚುತ್ತದೆ, ಹೊಟ್ಟೆ ಒತ್ತುತ್ತದೆ. ಸೊಂಟದಿಂದಲೇ ಮೇಲೆ ಓರೆಯಾಗಬೇಕು. ಸಿರಿಂಜ್ ಹಿಡಿದು ತಾನಾಗಿ ಇಳಿಯಲು ಬಿಡುವವರಿಗೆ ವೇಗದ ಗುಂಡಿ ಅಂದರೆ ಎತ್ತರ. ಎತ್ತಿದರೆ ಜೋರು, ಇಳಿಸಿದರೆ ನಿಧಾನ. ಓಕರಿಕೆ, ಬೆವರು, ಬಿಳಿಚಿಕೊಳ್ಳುವುದು ಕಂಡರೆ ಮೊದಲು ಎತ್ತರ ಇಳಿಸಿ. ಪುಡಿಯಿಂದ ಕಲಸುವ ಆಹಾರದಲ್ಲಿ “ಮಗು ದಪ್ಪಗಾಗಲಿ” ಅಂತ ಒಂದು ಅಳತೆ ಹೆಚ್ಚಿಗೆ ಹಾಕುವುದು ಮನೆಯ ಹಿರಿಯರ ಪ್ರೀತಿಯ ತಪ್ಪು. ಸಾಂದ್ರತೆ ಏರಿ ಭೇದಿಯಾಗುತ್ತದೆ, ಮೈಯ ನೀರು ಕಡಿಮೆಯಾಗುತ್ತದೆ. ಕಲಸಿದ್ದನ್ನು ಹೊರಗೆ 4 ಗಂಟೆಗಿಂತ ಹೆಚ್ಚು ನೇತುಹಾಕಬೇಡಿ.

ಮೂಗಿನ ಟ್ಯೂಬ್‌ನ ಅಪಾಯ ಬೇರೆ: ಅದು ಶ್ವಾಸಕೋಶಕ್ಕೆ ಸರಿದಿರಬಹುದು. ಪ್ರತಿ ಸಲವೂ ಮೂಗಿನ ಬಳಿಯ ಗುರುತು ಹಳೆಯ ಸೆಂಟಿಮೀಟರಿನಲ್ಲೇ ಇದೆಯೇ ನೋಡಿ, ಸ್ವಲ್ಪ ದ್ರವ ಎಳೆದು, ಆಮ್ಲೀಯತೆ ತೋರಿಸುವ ಪಿಎಚ್ ಪಟ್ಟಿಯಲ್ಲಿ ಪರೀಕ್ಷಿಸಿ. 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊಟ್ಟೆಯಲ್ಲಿದೆ ಅಂತ ಲೆಕ್ಕ. ದ್ರವ ಬಾರದಿದ್ದರೆ ಎಡಮಗ್ಗುಲಿಗೆ ಮಲಗಿಸಿ ಕಾಲು ಗಂಟೆ ಬಿಟ್ಟು ಮತ್ತೆ ಎಳೆಯಿರಿ. ಗಾಳಿ ಊದಿ ಹೊಟ್ಟೆಯ ಸದ್ದು ಕೇಳುವ ಹಳೆಯ ವಿಧಾನವನ್ನು ನಂಬಬಾರದು. ಶ್ವಾಸಕೋಶದಲ್ಲಿದ್ದರೂ ಅದೇ ಥರ ಕೇಳಿಸಬಹುದು. ಆಮ್ಲ ತಗ್ಗಿಸುವ ಔಷಧಿ ತೆಗೆದುಕೊಳ್ಳುವ ಮಗುವಿಗೆ ಪಿಎಚ್ ಏರಿರುತ್ತದೆ, ಅವರಿಗೆ ಬೇರೆ ಮಾರ್ಗಸೂಚಿ ಬರೆಸಿಕೊಳ್ಳಿ.

ಬಾಯಲ್ಲೇ ಉಣ್ಣುವ ಮಕ್ಕಳಲ್ಲೂ ಒಂದು ಮಾತು. ಕೆಮ್ಮದಿದ್ದರೆ ಸರಿಯಾಗಿ ನುಂಗುತ್ತಿದೆ ಅಂತ ಅರ್ಥವಲ್ಲ. ಆಹಾರ ಶ್ವಾಸನಾಳಕ್ಕೆ ಇಳಿದರೂ ಕೆಲವು ಮಕ್ಕಳಿಗೆ ಕೆಮ್ಮೇ ಬರುವುದಿಲ್ಲ. ಉಂಡ ಮೇಲೆ ದನಿ ಒದ್ದೆಯಾಗಿ ಗೊರಗುಟ್ಟುವುದು, ಕಣ್ಣಲ್ಲಿ ನೀರು, ಮತ್ತೆ ಮತ್ತೆ ಎದೆಯ ಸೋಂಕು ಇವೇ ಸುಳಿವು. ನುಂಗುವಿಕೆಯ ಪರೀಕ್ಷೆ ಕೇಳಿ.

ಟ್ರಾಕಿಯೋಸ್ಟಮಿ, ಅಂದರೆ ಉಸಿರಾಡಲು ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿರುವ ಮಗುವಿನ ಬಗ್ಗೆ ಬರೆದರೆ ಅದೇ ಒಂದು ಬರಹವಾದೀತು. ಇಲ್ಲಿ ಇಷ್ಟೇ: ಅದೇ ಗಾತ್ರದ ಟ್ಯೂಬ್ ಒಂದು, ಒಂದು ಸುತ್ತು ಚಿಕ್ಕದು ಒಂದು, ಕಟ್ಟುವ ಪಟ್ಟಿ, ಕತ್ತರಿ, ಕಫ ಎಳೆಯುವ ಸಕ್ಷನ್ ಮೆಷಿನ್, ಅದರ ಕೊಳವೆ, ಉಸಿರು ತುಂಬುವ ಕೈಚೀಲ ಇರುವ ಬ್ಯಾಗ್ ಮಗುವಿನ ಜೊತೆ ಕೋಣೆಯಿಂದ ಕೋಣೆಗೂ ಹೋಗಬೇಕು. ಸಕ್ಷನ್ ಕೊಳವೆಯನ್ನು ಟ್ಯೂಬ್‌ನ ಉದ್ದದಷ್ಟೇ, ಮೊದಲೇ ಅಳೆದ ಗುರುತಿನವರೆಗೆ ಇಳಿಸಿ, 10 ಸೆಕೆಂಡಿನೊಳಗೆ ಹೊರತೆಗೆಯಬೇಕು. ಮೆಷಿನ್ ಬ್ಯಾಟರಿಯಲ್ಲಿ ಓಡುತ್ತದೆಯೇ ಅಂತ ಪ್ಲಗ್ ತೆಗೆದು ನೋಡುವುದು ಬೆಳಗಿನ ಮೊದಲ ಕೆಲಸ.

ಬೆಳೆಯುವ ಮೈ

ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ) ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಮಗುವಿಗೆ ಸೊಂಟದ ಕೀಲು ಗುಳಿಯಿಂದ ಹೊರಗೆ ಸರಿಯುತ್ತದೆ. ಮೊದಮೊದಲು ನೋವೇ ಇರುವುದಿಲ್ಲ, ಹಾಗಾಗಿ ನೋವು ಬಂದ ಮೇಲೆ ನೋಡೋಣ ಅಂದರೆ ಸರಳ ಚಿಕಿತ್ಸೆಯ ಕಾಲ ಮೀರಿರುತ್ತದೆ. ಸ್ವತಂತ್ರವಾಗಿ ನಡೆಯದ ಮಕ್ಕಳಲ್ಲಿ ಅಪಾಯ ಬಹಳ ಹೆಚ್ಚು, ಅವರಿಗೆ ನಿಗದಿತ ಅವಧಿಗೊಮ್ಮೆ ಸೊಂಟದ ಎಕ್ಸ್-ರೇ ಆಗಬೇಕು. ಇದು ಕೈ ಬದಲಾಗುವಾಗ ಕಳೆದುಹೋಗುವ ಕೆಲಸಕ್ಕೆ ಉತ್ತಮ ನಿದರ್ಶನ: ನರರೋಗದ ಡಾಕ್ಟರು ಮೂಳೆಯವರು ಮಾಡಿಸಿರುತ್ತಾರೆ ಅಂದುಕೊಳ್ಳುತ್ತಾರೆ, ಮೂಳೆಯವರ ಹತ್ತಿರ ಮಗುವನ್ನು ಯಾರೂ ಕಳಿಸಿಯೇ ಇರುವುದಿಲ್ಲ. “ಸೊಂಟದ ಎಕ್ಸ್-ರೇ ಕೊನೆಯ ಸಲ ಯಾವಾಗ, ಮುಂದಿನದು ಯಾವಾಗ, ಮಾಡಿಸುವವರು ಯಾರು” ಅಂತ ಕೇಳಿ ಬರೆದುಕೊಳ್ಳಿ.

ಕಾಲಿಗೆ ಆಧಾರವಾಗಿ ಕಟ್ಟುವ ಸ್ಪ್ಲಿಂಟ್ ಬಿಚ್ಚಿದ ಮೇಲೆ ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯವಾಗದಿದ್ದರೆ ಅದು ಚಿಕ್ಕದಾಗಿದೆ ಅಥವಾ ತಪ್ಪಾಗಿ ಕೂತಿದೆ. ಗಾಯವಾಗುವವರೆಗೆ ಕಾಯಬೇಡಿ.

ಎತ್ತುವವರ ಬೆನ್ನಿನ ಬಗ್ಗೆ ಯಾರೂ ಕೇಳುವುದಿಲ್ಲ. ರೋಗಿಗಳನ್ನು ಎತ್ತುವ ಆಸ್ಪತ್ರೆ ಸಿಬ್ಬಂದಿಗೆ ಅಮೆರಿಕದಲ್ಲಿ ಸೂಚಿಸಿದ ಮಿತಿ 35 ಪೌಂಡ್, ಅಂದರೆ ಸುಮಾರು 16 ಕಿಲೋ. ಅದೂ ಎಲ್ಲ ಅನುಕೂಲಕರವಾಗಿದ್ದಾಗ. ಮನೆಯಲ್ಲಿ ಅಮ್ಮಂದಿರು ಇದರ ಎರಡರಷ್ಟನ್ನು ಬಚ್ಚಲ ಒದ್ದೆ ನೆಲದ ಮೇಲೆ ನಿಂತು ಎತ್ತುತ್ತಾರೆ. ಮಗು 16 ಕಿಲೋ ಮುಟ್ಟಿದಾಗಲೇ ಇಬ್ಬರು ಎತ್ತುವುದು, ಜಾರುಹಲಗೆ, ಸ್ನಾನದ ಕುರ್ಚಿ, ಎತ್ತುವ ಯಂತ್ರ ಇವುಗಳ ಮಾತು ಶುರುವಾಗಬೇಕು. ಬೆನ್ನು ಹಿಡಿದ ಮೇಲೆ ಶುರುಮಾಡಿದರೆ ಇಬ್ಬರು ರೋಗಿಗಳಾಗುತ್ತಾರೆ.

ಶಾಲೆ ಮತ್ತು ರಾತ್ರಿ ಪಾಳಿ

ಶಾಲೆಗೆ ರೋಗದ ಪಾಠ ಬೇಡ, ಸೂಚನೆ ಬೇಕು. “ಇವನಿಗೆ ಅಪಸ್ಮಾರ ಇದೆ, ಸ್ವಲ್ಪ ನೋಡಿಕೊಳ್ಳಿ ಮೇಡಂ” ಅಂದರೆ ಏನೂ ಹೇಳಿದಂತಾಗಲಿಲ್ಲ. “ಹೀಗೆ ಕಂಡರೆ ಹೀಗೆ ಮಾಡಿ, ಇಷ್ಟು ನಿಮಿಷ ಕಾಯಿರಿ, ಆಮೇಲೆ ಈ ನಂಬರಿಗೆ ಕರೆಮಾಡಿ” ಅನ್ನಬೇಕು. ಟೈಪ್ 1 ಮಧುಮೇಹದ ಮಗುವಿಗಾದರೆ: ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಡಾಕ್ಟರು ಬರೆದುಕೊಟ್ಟಷ್ಟು ಗ್ಲೂಕೋಸ್ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ, ಒಬ್ಬಂಟಿಯಾಗಿ ಎಲ್ಲಿಗೂ ಕಳಿಸಬೇಡಿ, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ತರಗತಿಯ ಟೀಚರ್ ರಜೆ ಹಾಕಿದ ದಿನ ಬರುವವರಿಗೆ ಈ ಹಾಳೆ ಎಲ್ಲಿದೆ ಗೊತ್ತೇ ಅನ್ನುವುದೇ ನಿಜವಾದ ಪರೀಕ್ಷೆ. ಆಟದ ಮೇಷ್ಟ್ರು, ಬಸ್ಸಿನವರು ಕೂಡ ಪಟ್ಟಿಯಲ್ಲಿರಲಿ.

ಮನೆಯೊಳಗೆ ಪಾಳಿ ಬದಲಾಗುವಾಗ ಎರಡು ನಿಮಿಷ ಸಾಕು. ಕೊನೆಯ ಔಷಧಿ ಯಾವುದು, ಎಷ್ಟು ಗಂಟೆಗೆ, ಮುಂದಿನದು ಯಾವಾಗ, ಎಷ್ಟು ಕುಡಿದಿದೆ, ಎಷ್ಟು ಸಲ ಮೂತ್ರ, ಇವತ್ತು ಎಂದಿನಂತಿಲ್ಲದ್ದು ಏನು. ಕೇಳಿಸಿಕೊಂಡವರು ತಿರುಗಿ ಹೇಳಬೇಕು. ಮನೆಯವರ ನಡುವೆ ಇದು ನಾಟಕದಂತೆ ಅನಿಸುತ್ತದೆ, ಅತ್ತೆಗೆ “ಏನು ಹೇಳಿದೆ, ಹೇಳಿ ನೋಡೋಣ” ಅನ್ನಲು ಮುಜುಗರವೂ ಹೌದು. “ನಾನು ಏನಾದರೂ ಬಿಟ್ಟೆನಾ, ಒಂದ್ಸಲ ಹೇಳಿ ಅತ್ತೆ” ಅಂದರೆ ಕೆಲಸವೂ ಆಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಮನೆಯ ಇನ್ನೊಂದು ಮಗುವನ್ನು ಈ ಪಾಳಿಗೆ ಸೇರಿಸಬೇಡಿ. ಟ್ಯೂಬ್ ಏನು, ಫಿಟ್ಸ್ ಏನು, ಇದು ಅಂಟುವುದಿಲ್ಲ, ಇದು ನಿನ್ನಿಂದ ಆದದ್ದಲ್ಲ ಅಂತ ವಯಸ್ಸಿಗೆ ತಕ್ಕಂತೆ ತಿಳಿಸಿ. ಆಂಬುಲೆನ್ಸ್ ನಂಬರ್ ಕಲಿಸಿ. ಆದರೆ ಔಷಧಿ ಕೊಡುವ ಹೊಣೆ ಹತ್ತು ವರ್ಷದ ಅಕ್ಕನದಾಗಬಾರದು. ಆಸ್ಪತ್ರೆಗೆ ಓಡುವ ರಾತ್ರಿ ಅವಳು ಯಾರ ಜೊತೆ ಇರುತ್ತಾಳೆ ಅನ್ನುವುದನ್ನು ಮೊದಲೇ ನಿರ್ಧರಿಸಿ ಅವಳಿಗೂ ಹೇಳಿರಬೇಕು.

ಕೊನೆಯ ಕೈ

ಹದಿನೆಂಟರ ಆಸುಪಾಸಿನಲ್ಲಿ ಮಕ್ಕಳ ಡಾಕ್ಟರು “ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ” ಅನ್ನುತ್ತಾರೆ. ಹದಿನೆಂಟು ವರ್ಷ ಒಂದೇ ಕಡೆ ಸೇರಿದ್ದ ತಿಳುವಳಿಕೆ ಒಂದು ಚೀಟಿಯಲ್ಲಿ ಹೊರಡುತ್ತದೆ. ತಯಾರಿ 12ರಿಂದ 14ನೆಯ ವಯಸ್ಸಿಗೇ ಶುರುವಾಗಬೇಕು. ಬುದ್ಧಿಮಟ್ಟ ಅನುಮತಿಸುವ ಮಕ್ಕಳು ಮೊದಲು ತಮ್ಮ ರೋಗದ ಹೆಸರು ಹೇಳಲಿ, ಆಮೇಲೆ ಔಷಧಿಗಳ ಹೆಸರು, ಆಮೇಲೆ ಮಿಲಿಗ್ರಾಂ. ಡಾಕ್ಟರ ಕೋಣೆಯಲ್ಲಿ ಮೊದಲ ಐದು ನಿಮಿಷ ಮಗುವೇ ಮಾತಾಡಲಿ, ಅಮ್ಮ ಬಿಟ್ಟದ್ದನ್ನು ಸೇರಿಸಲಿ. ಮೂತ್ರ ತೆಗೆಯುವ ಕೊಳವೆಯನ್ನು (ಕ್ಯಾತಿಟರ್) ತಾವೇ ಹಾಕಿಕೊಳ್ಳುವ ಮಕ್ಕಳು ಶಾಲೆಯ ಬ್ಯಾಗಿಗೆ ಅದನ್ನು ತಾವೇ ಎಣಿಸಿ ಇಟ್ಟುಕೊಳ್ಳಲಿ. ಒಂದು ದಿನ ಕಡಿಮೆ ಬಿದ್ದರೆ ಮಾರನೆಯ ದಿನ ಎಣಿಕೆ ತಪ್ಪುವುದಿಲ್ಲ.

ತಾವೇ ನಿರ್ಧರಿಸಲಾಗದ ಮಕ್ಕಳಿಗೆ ಪ್ರಶ್ನೆ ಬೇರೆ: ಹದಿನೆಂಟು ದಾಟಿದ ಮರುದಿನ ಅವರ ಪರವಾಗಿ ಸಹಿ ಹಾಕುವ ಹಕ್ಕು ಯಾರಿಗಿರುತ್ತದೆ? ಅಪ್ಪ ಅಮ್ಮನಿಗೆ ಅದು ತಾನಾಗಿ ಮುಂದುವರಿಯುತ್ತದೆ ಅಂತ ಬಹಳಷ್ಟು ಜನ ತಿಳಿದಿರುತ್ತಾರೆ, ಅನೇಕ ದೇಶಗಳ ಕಾನೂನಿನಲ್ಲಿ ಹಾಗಿಲ್ಲ. ಪೋಷಕತ್ವದ ಅರ್ಜಿ ಬೇಕೇ, ಎಲ್ಲಿ ಕೊಡಬೇಕು, ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಹದಿನಾರನೆಯ ಹುಟ್ಟುಹಬ್ಬದ ಹೊತ್ತಿಗೆ ವಿಚಾರಿಸಿ. ಮೊದಲ ಸಲ ದೊಡ್ಡವರ ಡಾಕ್ಟರನ್ನು ನೋಡುವ ದಿನ ಆ ಎರಡು ಬದಿಯ ಹಾಳೆ, ಈಚಿನ ವರದಿಗಳು, ಜೊತೆಗೆ ಹಿಂದೆ ಪ್ರಯತ್ನಿಸಿ ಬಿಟ್ಟ ಔಷಧಿಗಳ ಪಟ್ಟಿ, ಯಾಕೆ ಬಿಟ್ಟದ್ದು ಅನ್ನುವ ಕಾರಣದ ಸಮೇತ, ಕೈಯಲ್ಲಿರಲಿ. ಈ ಕೊನೆಯ ಪಟ್ಟಿ ಯಾವ ಆಸ್ಪತ್ರೆಯ ಚೀಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಅದು ಇಲ್ಲದಿದ್ದರೆ, ಎಂಟನೆಯ ವಯಸ್ಸಿನಲ್ಲಿ ಮೈಯೆಲ್ಲ ಗಂಧೆ ಎಬ್ಬಿಸಿದ ಔಷಧಿಯನ್ನೇ ಹೊಸ ಡಾಕ್ಟರು ಮೊದಲ ಭೇಟಿಯಲ್ಲಿ ಬರೆಯುತ್ತಾರೆ.